ಹಳದಿ ಪಟ್ಟಿ ಕಂಡರೆ ಹಾರೆ ಕೆಳಗಿಡಿ

ಆರ್.ಟಿ. ನಗರದ ಒಂದು ಕ್ರಾಸಿನಲ್ಲಿ ಮೊನ್ನೆ ಮನೆಯೊಂದರ ಗೇಟಿನ ಪಕ್ಕ ಇಂಗುಗುಂಡಿ ತೋಡುತ್ತಿದ್ದರು. ಯಾದಗಿರಿ ಕಡೆಯ ಗಂಡ ಹೆಂಡತಿ. ಆತ ಹಾರೆಯಲ್ಲಿ ಮಣ್ಣು ಸಡಿಲಿಸುವುದು, ಆಕೆ ಬಾಂಡ್ಲಿಯಲ್ಲಿ ಹೊರುವುದು. ಗುಂಡಿ ಇನ್ನೂ ಮೊಣಕಾಲುದ್ದ ಆಗಿತ್ತಷ್ಟೆ. "ಸರ, ಇಲ್ಲೊಂದು ಹಳದಿ ಪಟ್ಟಿ ಬಂತ್ರಿ" ಅಂದ. ಮೆಟ್ಟಿಲ ಮೇಲೆ ಕಾಫಿ ಲೋಟ ಹಿಡಿದು ನಿಂತಿದ್ದ ಮನೆ ಯಜಮಾನರು ಬಗ್ಗಿಯೂ ನೋಡದೆ, "ಯಾವುದೋ ಪ್ಲಾಸ್ಟಿಕ್ ಕವರ್ ಕಣಪ್ಪ, ಕಿತ್ತು ಬಿಸಾಕು" ಅಂದರು. ಆತ ಕೀಳಲಿಲ್ಲ. ಹಾರೆಯನ್ನು ಗೋಡೆಗೆ ಒರಗಿಸಿ, ಕುಕ್ಕರುಗಾಲಲ್ಲಿ ಕೂತು, ಕೈಯಲ್ಲೇ ಮಣ್ಣು ಬಳಿದ. ಗೇಣುದ್ದಕ್ಕಿಂತ ತುಸು ಕೆಳಗೆ ಹೆಬ್ಬೆರಳು ದಪ್ಪದ ಹಳದಿ ಪೈಪು. ಹಿಂದೆ ಯಾವುದೋ ಕೇಬಲ್ ಕೆಲಸಕ್ಕೆ ಹೋಗಿದ್ದನಂತೆ. ಪಟ್ಟಿ ಬಂದರೆ ಅದರಡಿ ಏನೋ ಇದೆ ಎಂಬುದನ್ನು ಅಲ್ಲಿ ಕಲಿತಿದ್ದ.

ಆ ಪೈಪಿನಲ್ಲಿ ಹರಿಯುತ್ತಿದ್ದುದು ಅಡುಗೆ ಅನಿಲ. ಯಜಮಾನರ ಮನೆಗೆ ಅದರ ಸಂಪರ್ಕ ಇರಲಿಲ್ಲ, ಪಕ್ಕದ ಮನೆಗೆ ಹೋಗಿದ್ದ ಲೈನು ಅದು. ತಮ್ಮ ಗೇಟಿನ ಮುಂದೆ ಗ್ಯಾಸ್ ಹಾದುಹೋಗಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಅನಾಹುತ ಆಗಲಿಲ್ಲ, ಆದ್ದರಿಂದ ಇದು ಸುದ್ದಿಯೂ ಆಗಲಿಲ್ಲ. ಆದರೂ ಇದನ್ನು ಬರೆಯಬೇಕಾಗಿದೆ. ಉತ್ತರ ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಹತ್ತು ವರ್ಷದ ಹಿಂದೆ ನೆಲದಡಿ ಇದ್ದದ್ದು ಹೆಚ್ಚಾಗಿ ನೀರಿನ ಪೈಪು, ಒಳಚರಂಡಿ (ಯುಜಿಡಿ), ಟೆಲಿಫೋನ್ ತಂತಿ. ಅಗೆಯುವಾಗ ತಪ್ಪಾದರೆ ಬೀದಿಗೆ ಎರಡು ದಿನ ನೀರಿಲ್ಲ, ಅಷ್ಟೆ. ಈಗ ಅದೇ ಮೂರಡಿ ಅಗಲದ ಪಟ್ಟಿಯಲ್ಲಿ 11 ಸಾವಿರ ವೋಲ್ಟಿನ ಕೇಬಲ್ ಇದೆ, ಗ್ಯಾಸ್ ಇದೆ, ನಾಲ್ಕಾರು ಕಂಪನಿಗಳ ಫೈಬರ್ ಇದೆ. ಅಗೆಯುವ ನಮ್ಮ ರೂಢಿ ಮಾತ್ರ ನೀರಿನ ಪೈಪಿನ ಕಾಲದಲ್ಲೇ ನಿಂತಿದೆ.

ಅಗೆತ ಕಡಿಮೆಯಾಗುವ ಲಕ್ಷಣವೂ ಇಲ್ಲ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ 2024ರ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತದ ನೀರು ಬಂತು; ಯಲಹಂಕ, ಬ್ಯಾಟರಾಯನಪುರ ಸುತ್ತಿನ ಬಡಾವಣೆಗಳಲ್ಲಿ ಮನೆಮನೆಯ ಸಂಪರ್ಕಕ್ಕೆ ರಸ್ತೆ ಕತ್ತರಿಸಲೇಬೇಕು. ಹೆಬ್ಬಾಳದ ಸುತ್ತ ಮೆಟ್ರೊ ಕೆಲಸ. ಯಶವಂತಪುರ, ಮತ್ತಿಕೆರೆ, ಆರ್.ಟಿ. ನಗರದಲ್ಲಿ ಹಳೇ ಹೆಂಚಿನ ಮನೆ ಕೆಡವಿ ನಾಲ್ಕು ಮಹಡಿ ಏಳಿಸುವವರ ಸಂಪು, ಪಾಯ. ಜೊತೆಗೆ 2009ರಿಂದ ಕಡ್ಡಾಯವಾದ ಮಳೆನೀರು ಸಂಗ್ರಹದ ಇಂಗುಗುಂಡಿ. ದೊಡ್ಡ ಕಾಮಗಾರಿಗೆ ಎಂಜಿನಿಯರ್ ಇರುತ್ತಾನೆ, ನಕ್ಷೆ ಇರುತ್ತದೆ. ನಮ್ಮ ಆತಂಕ ಹೆಚ್ಚಾಗಿ ಈ ಕೊನೆಯ ಬಗೆಯ ಅಗೆತದ ಬಗ್ಗೆ. ಮೇಸ್ತ್ರಿ, ಒಂದು ಜೆಸಿಬಿ, ಗಂಟೆ ಲೆಕ್ಕದ ಬಾಡಿಗೆ. ಗಂಟೆ ಲೆಕ್ಕ ಎಂದಮೇಲೆ ನಿಂತು ನೋಡುವ ವ್ಯವಧಾನ ಯಾರಿಗಿದೆ?

"ಅದೆಲ್ಲ ಆಳದಲ್ಲಿ ಇರುತ್ತೆ ಬಿಡಿ ಸಾರ್" ಎಂಬುದು ಮೇಸ್ತ್ರಿಗಳ ಸಿದ್ಧ ಉತ್ತರ. ಎಷ್ಟು ಆಳದಲ್ಲಿ? ಪುಸ್ತಕದಲ್ಲಿ ಉತ್ತರ ಇದೆ. ಭಾರತೀಯ ಮಾನಕ ಐಎಸ್ 1255ರ ಪ್ರಕಾರ ಮನೆಗಳಿಗೆ ಬರುವ ಕಡಿಮೆ ವೋಲ್ಟೇಜಿನ ಕೇಬಲ್ ಮೇಲೆ ಕನಿಷ್ಠ 75 ಸೆಂಟಿಮೀಟರ್ ಮಣ್ಣು ಇರಬೇಕು, 11 ಕೆ.ವಿ. ಕೇಬಲ್ ಮೇಲೆ 90 ಸೆಂಟಿಮೀಟರ್, ರಸ್ತೆ ದಾಟುವಲ್ಲಿ ಒಂದು ಮೀಟರ್. ನಗರ ಅನಿಲ ಜಾಲದ ಪಾಲಿಎಥಿಲಿನ್ ಪೈಪಿನ ಮೇಲೂ ಒಂದು ಮೀಟರ್, ಅದರ ಮೇಲೆ ಸುಮಾರು ಒಂದು ಅಡಿ ಎತ್ತರದಲ್ಲಿ ಎಚ್ಚರಿಕೆಯ ಪಟ್ಟಿ. ಬಿಎಸ್ಎನ್ಎಲ್‌ನವರ ದೂರದ ಫೈಬರಿಗೆ 1.65 ಮೀಟರ್.

ಈ ಅಂಕಿಗಳನ್ನು ಓದಿ ಸಮಾಧಾನ ಪಟ್ಟವರು ಮೋಸ ಹೋದರು. ಇವು ಹೂಳಿದ ದಿನದ ಲೆಕ್ಕ. ಆಮೇಲೆ ಪೈಪು ಇದ್ದಲ್ಲೇ ಇರುತ್ತದೆ, ನೆಲ ಇರುವುದಿಲ್ಲ. ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮನೆ ತಗ್ಗಾಗುತ್ತದೆ. ಇನ್ನೊಮ್ಮೆ ಅದನ್ನೇ ಕೆರೆದು ತೆಗೆಯುತ್ತಾರೆ. ಮಳೆನೀರು ಚರಂಡಿಗೆಂದು ಫುಟ್‌ಪಾತ್ ಇಳಿಸುತ್ತಾರೆ. ಆ ಆರ್.ಟಿ. ನಗರದ ಮನೆಯಲ್ಲಿ ಆದದ್ದೂ ಅದೇ: ಕಾರು ಇಳಿಸಲು ಗೇಟಿನ ಮುಂದೆ ಮುಕ್ಕಾಲು ಅಡಿ ಮಣ್ಣು ಕೆರೆದು ಇಳಿಜಾರು ಮಾಡಿಸಿದ್ದರು. ಒಂದು ಮೀಟರ್ ಆಳದ ಪೈಪು ಕೂತಲ್ಲೇ ಎರಡೂವರೆ ಅಡಿಗೆ ಬಂದಿತ್ತು.

ಇನ್ನು ಬಂಡೆಯ ವಿಷಯ. ಬೆಂಗಳೂರು ಕೂತಿರುವುದು ನೈಸ್ ಶಿಲೆಯ ಮೇಲೆ. ಕೆಲವು ಕಡೆ ಕೆಂಪು ಮಣ್ಣು ಎರಡಡಿ ಮುಗಿಯುವುದರೊಳಗೆ ಹಾರೆ ಠಣ್ ಎನ್ನುತ್ತದೆ. ಬ್ರೇಕರ್ ತರಿಸಿದರೆ ಖರ್ಚು, ತಡ, ಅಕ್ಕಪಕ್ಕದವರ ಜಗಳ. ಗುತ್ತಿಗೆದಾರ ಅಲ್ಲಿಗೇ ಮಲಗಿಸಿ, ಮೇಲೆ ಕಾಂಕ್ರೀಟು ಸುರಿದು ಮುಂದೆ ಹೋಗುತ್ತಾನೆ. ಹಾಗೆ ಮಾಡಲು ನಿಯಮದಲ್ಲಿ ಅವಕಾಶ ಇದ್ದರೂ ಇರಲಿ, ಅಲ್ಲಿ ಆಳ ಕಡಿಮೆ ಎಂಬ ಗುರುತು ನೆಲದ ಮೇಲೆ ಎಲ್ಲೂ ಉಳಿಯುವುದಿಲ್ಲ. ಆದ್ದರಿಂದ ಆಳದ ಲೆಕ್ಕ ಇರುವುದು ಹೂಳುವವನಿಗೆ. ಅಗೆಯುವವನು ಅದನ್ನು ನಂಬಬಾರದು.

2023ರ ಮಾರ್ಚ್‌ನಲ್ಲಿ ಎಚ್‌ಎಸ್‌ಆರ್ ಲೇಔಟ್ ಕಡೆ ಜಲಮಂಡಳಿಯ ಕಾಮಗಾರಿಗೆ ಅಗೆಯುವಾಗ ಗೇಲ್ ಗ್ಯಾಸ್ ಕೊಳವೆಗೆ ಏಟು ಬಿದ್ದು, ಸೋರಿದ ಅನಿಲ ಸಿಡಿದು ಜನ ಗಾಯಗೊಂಡದ್ದು ಹಲವರಿಗೆ ನೆನಪಿರಬಹುದು. ಅದು ದಕ್ಷಿಣದ ತುದಿಯ ಮಾತು ಎಂದು ಯಲಹಂಕದವರು ನಿರಾಳವಾಗಿ ಕೂರುವಂತಿಲ್ಲ. ಪೈಪೂ ಅದೇ, ಜೆಸಿಬಿಯೂ ಅದೇ. ಕೊಳವೆ ಅನಿಲ ಗಾಳಿಗಿಂತ ಹಗುರ, ಬಯಲಲ್ಲಿ ಮೇಲೇರಿ ಹೋಗುತ್ತದೆ, ಸಿಲಿಂಡರಿನ ಗ್ಯಾಸಿನ ಹಾಗೆ ನೆಲ ಹಿಡಿದು ಕೂರುವುದಿಲ್ಲ. ಆದರೆ ಮೇಲೆ ಡಾಂಬರು, ಟೈಲ್ಸ್ ಮುಚ್ಚಿದ್ದರೆ ಮೇಲೇರುವ ದಾರಿ ಎಲ್ಲಿ? ಕೇಬಲಿನ ಪೈಪು, ಯುಜಿಡಿ ಚೇಂಬರು ಹಿಡಿದುಕೊಂಡು ಮನೆಯೊಳಗೆ ಬರುತ್ತದೆ. ಗಾಳಿಯಲ್ಲಿ ನೂರಕ್ಕೆ ಐದರಿಂದ ಹದಿನೈದು ಪಾಲು ಬೆರೆತರೆ ಒಂದು ಸ್ವಿಚ್ಚಿನ ಕಿಡಿ ಸಾಕು. ವಾಸನೆ ಬಂದೇ ಬರುತ್ತದಲ್ಲ ಎನ್ನುವವರಿಗೂ ಒಂದು ಮಾತು: ಬೆರೆಸಿದ ವಾಸನೆಯನ್ನು ಮಣ್ಣು ಕೆಲವೊಮ್ಮೆ ಹೀರಿಕೊಂಡುಬಿಡುತ್ತದೆ.

ಒಡೆದದ್ದಕ್ಕಿಂತ ಕೆಟ್ಟದ್ದು ತರಚಿದ್ದು. ಬೆಲ್ಜಿಯಂನ ಗಿಲಾಂಗಿಯೆನ್ ಎಂಬಲ್ಲಿ 2004ರ ಜುಲೈ 30ರಂದು ದೊಡ್ಡ ಅನಿಲ ಕೊಳವೆ ಸಿಡಿದು 24 ಮಂದಿ ಸತ್ತರು. ಕೊಳವೆಗೆ ಯಂತ್ರ ತಗುಲಿ ಗೀರು ಬಿದ್ದದ್ದು ಅದಕ್ಕೂ ಮೊದಲೇ, ಕಟ್ಟಡ ಕೆಲಸದ ವೇಳೆ. ಒಳಗಿನ ಒತ್ತಡ ಏರಿಸಿದ ದಿನ ಗೀರು ಬಾಯ್ಬಿಟ್ಟಿತು. ನಮ್ಮ ಬೀದಿಯ ಪ್ಲಾಸ್ಟಿಕ್ ಪೈಪಿನಲ್ಲಿ ಅಷ್ಟು ಒತ್ತಡ ಇಲ್ಲ, ಹೋಲಿಕೆ ಪೂರ್ತಿ ಸರಿಯಲ್ಲ. ಆದರೆ ತಗುಲಿದ್ದನ್ನು ಹೇಳದೆ, ಸೈಕಲ್ ಟ್ಯೂಬು ಸುತ್ತಿ, ಟೇಪು ಅಂಟಿಸಿ, ಸಂಜೆಯೊಳಗೆ ಮಣ್ಣು ಮುಚ್ಚುವ ಜಾಣತನ ನಮ್ಮಲ್ಲೂ ಧಾರಾಳವಾಗಿದೆ. ದಂಡ ಕೊಡಬೇಕಾದೀತು ಎಂಬ ಭಯ. ಆ ಭಯವನ್ನು ಕಳೆಯುವುದು ಸಂಸ್ಥೆಗಳ ಕೆಲಸ: ತಾನಾಗಿ ಬಂದು ಹೇಳಿದವನಿಗೆ ದಂಡದಲ್ಲಿ ರಿಯಾಯಿತಿ ಕೊಡಲಿ, ಮುಚ್ಚಿಟ್ಟವನಿಂದ ಮುಲಾಜಿಲ್ಲದೆ ವಸೂಲಿ ಮಾಡಲಿ.

ಕರೆಂಟಿನ ವಿಷಯದಲ್ಲಿ ಇನ್ನೊಂದು ಭ್ರಮೆ ಇದೆ. ಹಾರೆ ತಗುಲಿ ಕಿಡಿ ಹಾರಿತು, ಬೀದಿ ಕತ್ತಲಾಯಿತು, ಇನ್ನು ಕೇಬಲ್ ಸತ್ತಿದೆ ಎಂದು ಗುಂಡಿಗೆ ಇಳಿಯುತ್ತಾರೆ. ಸಬ್‌ಸ್ಟೇಷನ್ನಿನಲ್ಲಿ ಟ್ರಿಪ್ ಆದ ಫೀಡರನ್ನು ಮತ್ತೊಮ್ಮೆ ಚಾರ್ಜ್ ಮಾಡಿ ನೋಡುವುದು ಮಾಮೂಲು. ಗುಂಡಿಯಲ್ಲಿ ಮನುಷ್ಯ ಇದ್ದಾನೆಂದು ಅಲ್ಲಿರುವವರಿಗೆ ಹೇಗೆ ತಿಳಿಯಬೇಕು? ಬೆಸ್ಕಾಂನ 1912ಕ್ಕೆ ಹೇಳಿ, ಲೈನ್‌ಮನ್ ಬಂದು ಸರಿ ಎನ್ನುವವರೆಗೆ ಗುಂಡಿ ಗುಂಡಿಯಾಗಿಯೇ ಇರಲಿ.

ಹಾಗಾದರೆ ಅಗೆಯುವುದು ಹೇಗೆ? ಮೊದಲು ಕೇಳುವುದು. 'ಕಾಲ್ ಬಿಫೋರ್ ಯು ಡಿಗ್' ಆ್ಯಪನ್ನು ಪ್ರಧಾನಿ ಉದ್ಘಾಟಿಸಿದ್ದು ಎಚ್‌ಎಸ್‌ಆರ್ ಸ್ಫೋಟದ ತಿಂಗಳಲ್ಲೇ, 2023ರ ಮಾರ್ಚ್ 22ರಂದು. ಎಲ್ಲಿ, ಯಾವತ್ತು ಅಗೆಯುತ್ತೀರಿ ಎಂದು ಅದರಲ್ಲಿ ತಿಳಿಸಿದರೆ ಆ ಜಾಗದಡಿ ಆಸ್ತಿ ಇರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಆ್ಯಪು ಇದೆ, ಆದರೆ ನಾವು ಮಾತಾಡಿಸಿದ ಮೇಸ್ತ್ರಿಗಳಲ್ಲಿ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ. ವಾಟರ್‌ಮ್ಯಾನ್, ಲೈನ್‌ಮನ್ ಇಬ್ಬರನ್ನೂ ಕರೆದು ತೋರಿಸಿಕೊಳ್ಳುವುದು ಅದಕ್ಕಿಂತ ಸುಲಭ. ಬೀದಿಯ ಹೊಟ್ಟೆಯೊಳಗೆ ಏನಿದೆ ಎಂಬುದು ನಕ್ಷೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಕೈಯಲ್ಲಿ ಒಂದು ಪರೀಕ್ಷಾ ಗುಂಡಿ. ಪಿಕಾಸಿ, ಹಾರೆ ಬೇಡ, ಸಲಿಕೆಯಲ್ಲಿ ಪಕ್ಕದಿಂದ ಮಣ್ಣು ಸವರುತ್ತ ಹೋಗಬೇಕು. ಬಣ್ಣದ ಪಟ್ಟಿ, ಕಾರಣವಿಲ್ಲದೆ ಸಾಲಾಗಿ ಕೂತ ಇಟ್ಟಿಗೆ, ಕೆಂಪು ಮಣ್ಣಿನ ನಡುವೆ ನುಣ್ಣನೆ ಮರಳು — ಮೂರರಲ್ಲಿ ಯಾವುದು ಕಂಡರೂ ನಿಲ್ಲಬೇಕು. ಲೈನು ಎಲ್ಲಿದೆ ಎಂದು ಕಣ್ಣಾರೆ ಕಂಡ ಮೇಲೂ ಅದರ ಎರಡೂ ಪಕ್ಕ ಎರಡೆರಡು ಅಡಿ ಜೆಸಿಬಿ ಹಲ್ಲು ತಾಗಿಸಬಾರದು. ಗ್ಯಾಸ್ ಪೈಪು ಒಡೆದರೆ ಎಂಜಿನ್ ಆರಿಸಿ, ಜನರನ್ನು ದೂರ ಕಳಿಸಿ, ಅಲ್ಲಿಂದ ಆಚೆ ಹೋಗಿ 112ಕ್ಕೆ ಫೋನ್ ಮಾಡಬೇಕು. ಪೈಪನ್ನು ಮಡಚಲು, ಮುಚ್ಚಲು ಹೋಗಬಾರದು.

ಆಡಳಿತಕ್ಕೆ ಒಂದು ನೇರ ಪ್ರಶ್ನೆ. ರಸ್ತೆ ಅಗೆತದ ಅನುಮತಿಗೆ ಹಳೇ ಬಿಬಿಎಂಪಿಯಲ್ಲಿ ಎಲ್ಲ ಇಲಾಖೆಗಳನ್ನು ಸೇರಿಸಿದ ಆನ್‌ಲೈನ್ ವ್ಯವಸ್ಥೆ ಇತ್ತು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ನೆಲದಡಿಯ ಕೊಳವೆ, ಕೇಬಲುಗಳ ನಕ್ಷೆ ಈಗ ಯಾವ ಕಚೇರಿಯ ಯಾವ ಮೇಜಿನ ಮೇಲಿದೆ? ಯಲಹಂಕ ಉಪನಗರದಲ್ಲಿ ಗುಂಡಿ ತೋಡುವ ಸಾಮಾನ್ಯನೊಬ್ಬ ಅದನ್ನು ನೋಡಬಹುದೇ? ಮಳೆನೀರು ಇಂಗಿಸಿ ಎಂದು ಕಾನೂನು ಮಾಡಿದವರು, ಎಲ್ಲಿ ತೋಡಬಾರದು ಎಂದು ತೋರಿಸುವ ಹೊಣೆಯನ್ನೂ ಹೊರಬೇಕು. ವಾರ್ಡ್ ಕಚೇರಿಯ ಗೋಡೆಗೆ ಬೀದಿವಾರು ನಕ್ಷೆ ಅಂಟಿಸಲು ಟೆಂಡರು ಬೇಕಿಲ್ಲ.

ಮಳೆಗಾಲಕ್ಕೆ ಮುನ್ನ ಇಂಗುಗುಂಡಿ, ಸಂಪು ಮಾಡಿಸಬೇಕೆಂದು ಇರುವವರಲ್ಲಿ ಒಂದು ವಿನಂತಿ. ಜೆಸಿಬಿಯವನಿಗೆ ಅಡ್ವಾನ್ಸ್ ಕೊಡುವ ಮೊದಲು ಅಕ್ಕಪಕ್ಕದ ಎರಡು ಮನೆಗಳ ಗೋಡೆ ನೋಡಿ: ಹೊರಗೋಡೆಯಲ್ಲಿ ಗ್ಯಾಸ್ ಮೀಟರ್ ಇದೆಯೇ, ಅದರ ಪೈಪು ನೆಲಕ್ಕೆ ಎಲ್ಲಿ ಇಳಿದಿದೆ? ಬೆಸ್ಕಾಂನ 1912, ಜಲಮಂಡಳಿಯ 1916 ಮತ್ತು ಗ್ಯಾಸ್ ಬಿಲ್ಲಿನಲ್ಲಿ ಅಚ್ಚಾಗಿರುವ ತುರ್ತು ಸಂಖ್ಯೆಯನ್ನು ಮೀಟರ್ ಬಾಕ್ಸಿನ ಬಾಗಿಲಿಗೆ ಇವತ್ತೇ ಬರೆದಿಡಿ. ಹಾರೆ ಹಿಡಿದವನು ನಿಲ್ಲಿಸಿ ಕೇಳಿದರೆ, ಮೆಟ್ಟಿಲಿಂದ ಇಳಿದು ಬಂದು ನೋಡಿ.