ಹೊಳಲ್ಕೆರೆಯಲ್ಲಿ ಒಂದು ಮೂಟೆ ಅಕ್ಕಿ

ನನ್ನ ಭಾವ ಅಡಿಕೆ ವ್ಯಾಪಾರದ ಬೆನ್ನು ಹಿಡಿದು ಘಟ್ಟ ಹತ್ತಿದವರು. ಭೀಮಸಮುದ್ರದ ಮಂಡಿಗೆ ಹೋಗಿ ಬರುತ್ತಾ ಇದ್ದವರು ಕೊನೆಗೆ ಹೊಳಲ್ಕೆರೆಯಲ್ಲೇ ಒಂದು ದಿನಸಿ ಅಂಗಡಿ ಹಾಕಿ ನಿಂತುಬಿಟ್ಟರು. ಇಪ್ಪತ್ತು ವರ್ಷ ದಾಟಿತು. ಮೊನ್ನೆ ಪೆರ್ನಾಲಿಗೆ ಊರಿಗೆ ಬಂದಾಗ ಪಲ್ಲಿಯ ಜಗಲಿಯಲ್ಲಿ ಕೂತು ಅವರು ಹೇಳಿದ ಸಂಗತಿಯನ್ನು ಈ ವಾರ ಓದುಗರ ಮುಂದಿಡಬೇಕೆನಿಸಿತು.

ಹೋದ ಹೊಸತರಲ್ಲಿ ಅವರಿಗೆ ಕಷ್ಟವಾದದ್ದು ಹಿಂದೂಗಳ ಜೊತೆಗಲ್ಲವಂತೆ, ಮುಸ್ಲಿಮರ ಜೊತೆಗೇ! ಅಲ್ಲಿಯವರ ಮನೆಮಾತು ಉರ್ದು, ಇವರದು ಬ್ಯಾರಿ ಭಾಷೆ. ಅವರು ಹನಫಿ, ಇವರು ಶಾಫಿ. ಇಲ್ಲಿ ಅಸರ್ ಆಗುವ ಹೊತ್ತಿಗೆ ಅಲ್ಲಿ ಬಾಂಗೇ ಆಗಿರುವುದಿಲ್ಲ. ಸುಬಹಿಯಲ್ಲಿ ಕುನೂತ್ ಇಲ್ಲ. 'ಇವರು ಮಂಗಳೂರಿನವರು, ಬೇರೆ' ಎಂಬ ನೋಟ. ಕೊನೆಗೆ ಸಫ್‌ನಲ್ಲಿ ಪಕ್ಕ ನಿಂತವರೊಡನೆ ಸುಖದುಃಖ ಮಾತಾಡಲು ಒದಗಿ ಬಂದದ್ದು ಕನ್ನಡ. "ನಮ್ಮ ದೀನಿನೊಳಗೇ ನಾನು ಬೇರೆಯವನಾಗಿ ನಿಂತ ಮೇಲೆ, ಬೇರೆಯವರ ಕಷ್ಟ ಏನೂಂತ ಗೊತ್ತಾಯಿತು" ಎಂದರು ಭಾವ.

ಹೊಳಲ್ಕೆರೆ ಎಂದರೆ ಬಯಲು ಗಣಪತಿಯ ಊರು. ಮೊದಲ ವರ್ಷವೇ ಚೌತಿಯ ಚಂದಾಕ್ಕೆ ಬೀದಿಯ ಹುಡುಗರು ಅಂಗಡಿಗೆ ಬಂದರು. ಕೊಟ್ಟರೆ ಈಮಾನಿಗೆ ಏನಾಗುತ್ತದೋ, ಕೊಡದಿದ್ದರೆ ವ್ಯಾಪಾರಕ್ಕೆ ಏನಾಗುತ್ತದೋ ಎಂಬ ಹೆದರಿಕೆ. ಊರಿನ ಉಸ್ತಾದರಿಗೆ ಫೋನ್ ಮಾಡಿದರು. "ಆರಾಧನೆಯಲ್ಲಿ ಪಾಲು ಬೇಡ. ಆದರೆ ನೆರೆಯವನ ಹಸಿವು, ಕಾಯಿಲೆ, ಸಾವು ನಿನ್ನ ಜವಾಬ್ದಾರಿ" ಎಂದರಂತೆ ಉಸ್ತಾದ್.

ಮರುದಿನ ಬೀದಿಯ ಹಿರಿಯ ಲಿಂಗಾಯತ ಯಜಮಾನರ ಹತ್ತಿರ ಹೋಗಿ ಭಾವ ನೇರವಾಗಿಯೇ ಹೇಳಿದರು: "ಯಜಮಾನ್ರೇ, ಪೂಜೆಗೆ ನಾನು ದುಡ್ಡು ಕೊಡುವುದಿಲ್ಲ, ನಮ್ಮ ಧರ್ಮದಲ್ಲಿ ಅದಿಲ್ಲ. ಊಟಕ್ಕೆ ಒಂದು ಮೂಟೆ ಅಕ್ಕಿ ನನ್ನದು." ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾಹೇಬ್ರೇ, ಮನಸ್ಸಲ್ಲಿ ಒಂದಿಟ್ಟುಕೊಂಡು ಕೈಯಲ್ಲಿ ಒಂದು ಕೊಡೋರ್ಗಿಂತ ನೀವು ಹೇಳಿದ್ದು ಚಲೋ ಆತು" ಅಂದರು. ಅಂದಿನಿಂದ ಪ್ರತಿ ವರ್ಷ ಆ ಮೂಟೆ ಹೋಗುತ್ತದೆ. ಪೆರ್ನಾಲಿಗೆ ಭಾವನ ಮನೆಯಿಂದ ಯಜಮಾನರ ಮನೆಗೆ ಶ್ಯಾವಿಗೆ ಪಾಯಸ ಹೋಗುತ್ತದೆ. ಮಾಂಸ ತಾಗದ ಬೇರೆ ಪಾತ್ರೆಯಲ್ಲಿ ಅಕ್ಕ ಅದನ್ನು ಮಾಡುತ್ತಾಳೆ. ಅವರು ನಮ್ಮ ಬಿರಿಯಾನಿ ಉಣ್ಣುವುದಿಲ್ಲ, ಇವರು ಅವರ ಆರತಿ ತಗೊಳ್ಳುವುದಿಲ್ಲ. ಯಾರಿಗೂ ಬೇಜಾರಿಲ್ಲ.

ಇದನ್ನು ಕೇಳುವಾಗ ನನಗೆ ನಮ್ಮ ಮುಲ್ಕಿ ನೆನಪಾಯಿತು. ಶಾಂಭವಿ ನದಿಯಲ್ಲಿ ಬಪ್ಪ ಬ್ಯಾರಿಯೆಂಬ ವ್ಯಾಪಾರಿಯ ದೋಣಿ ನಿಂತುಹೋಯಿತು, ಬಪ್ಪನಾಡಿನ ದುರ್ಗಾಪರಮೇಶ್ವರಿ ದೇವಸ್ಥಾನ ಅವರಿಂದಲೇ ಆಯಿತು ಎಂಬ ಐತಿಹ್ಯ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಜಾತ್ರೆಯಲ್ಲಿ ಬಪ್ಪ ಬ್ಯಾರಿಯ ಮನೆತನಕ್ಕೆ ಪ್ರಸಾದ ಸಲ್ಲುವ ವಾಡಿಕೆಯೂ ಇದೆ. ಅದೇ ಜಾತ್ರೆಯಲ್ಲಿ 2022ರ ಮಾರ್ಚ್‌ನಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂಬ ಬ್ಯಾನರ್ ಬಂತು. ಆಗ ವಿಧಾನಸಭೆಯಲ್ಲಿ ಸರಕಾರ ತೋರಿಸಿದ್ದು ಧಾರ್ಮಿಕ ದತ್ತಿ ಕಾಯ್ದೆಯ 2002ರ ನಿಯಮವನ್ನು. ಬಳೆ, ಆಟಿಕೆ, ಕಬ್ಬಿನ ಹಾಲು ಮಾರಿ ವರ್ಷದ ಸಾಲ ತೀರಿಸುತ್ತಿದ್ದವರು ಸಂತೆಯಿಂದ ಹೊರಗುಳಿದರು. ಆ ಅನ್ಯಾಯವನ್ನು ಅನ್ಯಾಯ ಅಂತಲೇ ಹೇಳಬೇಕು. ಕಾನೂನಿನ ದಾರಿಯಲ್ಲಿ ಕೇಳುತ್ತಲೇ ಇರಬೇಕು.

ಆದರೆ ನಮ್ಮ ಕಡೆಯ ಲೆಕ್ಕವನ್ನೂ ನೋಡಬೇಕಲ್ಲ? ಹಬ್ಬದ ಶುಭಾಶಯ ಹೇಳಿದವನ ಈಮಾನ್ ಹೋಯಿತು ಎಂಬ ಸಂದೇಶವನ್ನು ವಾಟ್ಸಾಪಿನಲ್ಲಿ ಹತ್ತು ಗುಂಪಿಗೆ ದಾಟಿಸುವವರು ನಮ್ಮಲ್ಲಿಲ್ಲವೇ? ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದ ಮಕ್ಕಳು ನಮ್ಮ ಫ್ಲಾಟುಗಳಲ್ಲಿ ಬೆಳೆಯುತ್ತಿಲ್ಲವೇ? 'ನಿಮಗೆ ನಿಮ್ಮ ದೀನ್, ನನಗೆ ನನ್ನದು' ಎಂಬರ್ಥದ ಅಲ್ ಕಾಫಿರೂನ್ ಸೂರಾ ಮದ್ರಸದ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನಮ್ಮೊಂದಿಗೆ ಧರ್ಮದ ಹೆಸರಲ್ಲಿ ಯುದ್ಧಕ್ಕೆ ಬಾರದವರಿಗೆ, ನಮ್ಮನ್ನು ಮನೆಯಿಂದ ಹೊರಹಾಕದವರಿಗೆ ಒಳಿತು ಮಾಡಿ, ನ್ಯಾಯದಿಂದ ನಡೆಯುವುದನ್ನು ಅಲ್ಲಾಹನು ತಡೆಯುವುದಿಲ್ಲ ಎಂದು ಅಲ್ ಮುಮ್ತಹಿನದ 8ನೇ ಆಯತ್ ತಿಳಿಸುತ್ತದೆ. ಅದನ್ನು ಎಷ್ಟು ಮಕ್ಕಳಿಗೆ ಅರ್ಥ ಸಮೇತ ಹೇಳಿಕೊಟ್ಟಿದ್ದೇವೆ?

ಸೌಹಾರ್ದವೆಂದರೆ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಕಲಸುವುದು ಎಂದುಕೊಂಡು ಕೆಲವರು ಹೆದರುತ್ತಾರೆ. ಹಾಗೇನೂ ಇಲ್ಲ. ಶಿರ್ಕ್‌ನಿಂದ ದೂರ ನಿಲ್ಲುವವನು ನೆರೆಯವನಿಂದ ದೂರ ನಿಲ್ಲಬೇಕಾಗಿಲ್ಲ. ನಮ್ಮ ಗೆರೆ ಎಲ್ಲಿದೆ ಎಂದು ಮುಖ ನೋಡಿ, ಮರ್ಯಾದೆಯಿಂದ ಹೇಳಿದರಾಯಿತು. ಹಾಗೆ ಹೇಳಬೇಕಾದರೆ ಮೊದಲು ಮಾತುಕತೆ ಇರಬೇಕು, ಒಬ್ಬರ ಬಾಗಿಲು ಇನ್ನೊಬ್ಬರಿಗೆ ಗೊತ್ತಿರಬೇಕು.

ಬರುವ ನೋಂಬಿಗೆ ಪ್ರತಿ ಜಮಾಅತ್‌ನವರು ಒಂದು ದಿನವಾದರೂ ಅಕ್ಕಪಕ್ಕದವರನ್ನು ಪಲ್ಲಿಯ ಅಂಗಳಕ್ಕೆ ಕರೆಯಲಿ. ಭಾಷಣ ಬೇಡ, ಫೋಟೋ ಬೇಡ. ಖರ್ಜೂರ, ಗಂಜಿ ಸಾಕು. ಮದ್ರಸದಲ್ಲಿ ನೆರೆಯವರ ಹಕ್ಕಿನ ಪಾಠ ಬಂದಾಗ ಉಸ್ತಾದರು ಪಕ್ಕದ ಮನೆಯ ಹೆಸರು ಹಿಡಿದೇ ಕಲಿಸಲಿ.

ಹೊರಡುವಾಗ ಭಾವನಲ್ಲಿ ಕೇಳಿದೆ: "2022ರ ಗಲಾಟೆಯ ವರ್ಷವೂ ಅಕ್ಕಿ ಕೊಟ್ಟಿರಾ?" ಅವರು ನಕ್ಕರು. "ಆ ವರ್ಷ ನಾನು ಕಳಿಸಲಿಕ್ಕೆ ಹಿಂದೆಮುಂದೆ ನೋಡಿದ್ದು ಹೌದು ಮಾರಾಯ. ಯಜಮಾನ್ರೇ ಅಂಗಡಿಗೆ ಬಂದು, 'ಸಾಹೇಬ್ರೇ, ಅಕ್ಕಿ ಇನ್ನೂ ಬಂದಿಲ್ಲ' ಅಂದ್ರು."