ಎರಡು ಕೆ.ಜಿ. ನಾಯಿಗೆ ದನದ ಲೆಕ್ಕ

ಪುಟ್ಟ ತಳಿಯ ನಾಯಿ ಹಳ್ಳಿ ಮನೆಯೊಳಕ್ಕೆ ಬಂದಾಗಿದೆ. ಅದರ ಮೈತೂಕಕ್ಕೆ ತಕ್ಕ ಮದ್ದು, ಸಲಕರಣೆ ಇನ್ನೂ ಬಂದಿಲ್ಲ

ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ಆದೇಶ ಕೊಟ್ಟು, 22ರಂದು ಅದನ್ನು ಮಾರ್ಪಡಿಸಿದ ಮೇಲೆ ನಾಯಿಯ ವಿಷಯ ಮಾತಾಡದವರೇ ಇಲ್ಲ. ಕಚ್ಚುವ ನಾಯಿ, ಅನ್ನ ಹಾಕುವವರು, ಸಂತಾನಹರಣ, ಆಶ್ರಯತಾಣ ಎಲ್ಲವೂ ಚರ್ಚೆಗೆ ಬಂದವು. ಸಾವಿರಾರು ರೂಪಾಯಿ ಕೊಟ್ಟು ತಂದು ಸೋಫಾದ ಮೇಲೆ ಕೂರಿಸಿದ ನಾಯಿಯ ಸುದ್ದಿ ಮಾತ್ರ ಬರಲಿಲ್ಲ. ಮನೆಯೊಳಗಿರುವುದು ಸುಖವಾಗಿಯೇ ಇರುತ್ತದೆ ಎಂದು ನಂಬಿದ್ದೇವೆ. ಒಂದೂವರೆಯಿಂದ ಮೂರು ಕೆ.ಜಿ. ತೂಗುವ ಪುಟ್ಟ ತಳಿಗಳ ಮಟ್ಟಿಗೆ ಈ ನಂಬಿಕೆ ನಿಲ್ಲುವುದಿಲ್ಲ. ಪಟ್ಟಣದಿಂದ ದೂರ ಹೋದಷ್ಟೂ ಇನ್ನೂ ನಿಲ್ಲುವುದಿಲ್ಲ.

ಕಿರವತ್ತಿಯನ್ನೇ ನೋಡಿ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಕಲಘಟಗಿಯ ಬಯಲು ಮುಗಿದು ಯಲ್ಲಾಪುರದ ಕಾಡು ಶುರುವಾಗುವ ಊರು. ಸಾಗವಾನಿ, ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋ, ಸುತ್ತಮುತ್ತ ಗೌಳಿವಾಡಗಳು, ಸಿದ್ದಿಯರ ಮನೆಗಳು, ಘಟ್ಟದ ಕಡೆ ಸರಿದಂತೆ ಅಡಿಕೆ ತೋಟ. ಈ ಸೀಮೆಯಲ್ಲಿ ನಾಯಿಗೆ ಯಾವತ್ತೂ ಕೆಲಸವಿತ್ತು. ಎಮ್ಮೆ ಹಿಂಡಿನ ಜೊತೆ ಕಾಡಿಗೆ ಹೋಗುವುದು, ಗದ್ದೆಗೆ ನುಗ್ಗಿದ ಹಂದಿಯನ್ನು ಅಟ್ಟುವುದು, ತೋಟಕ್ಕೆ ಬಂದ ಮಂಗಗಳನ್ನು ಬೆದರಿಸುವುದು. ಆ ನಾಯಿ ಗಟ್ಟಿಮುಟ್ಟು. ಅದಕ್ಕೆ ಬಂದ ಕಾಯಿಲೆ ಬಹುಪಾಲು ತಾನಾಗಿಯೇ ವಾಸಿಯಾಗುತ್ತಿತ್ತು, ಇಲ್ಲವೇ ನಾಯಿಯೇ ಹೋಗುತ್ತಿತ್ತು. ನಡುವೆ ವೈದ್ಯರ ಪಾತ್ರ ಅಷ್ಟಾಗಿ ಇರಲಿಲ್ಲ. ಈಗ ಅದೇ ಊರುಗಳಿಗೆ ಪಮೇರಿಯನ್, ಅಪರೂಪಕ್ಕೆ ಚಿವಾವ ಬರುತ್ತಿವೆ. ಇವಕ್ಕೆ ಕಾವಲಿನ ಕೆಲಸವಿಲ್ಲ. ಮನೆಯವರ ಪ್ರೀತಿಯೇ ಇವುಗಳ ಬದುಕಿಗೆ ಆಧಾರ. ಪ್ರೀತಿಗೆ ಕೊರತೆಯೂ ಇಲ್ಲ; ತಪ್ಪುತ್ತಿರುವುದು ಲೆಕ್ಕ. ಮಾರುವವನ ವಯಸ್ಸಿನ ಲೆಕ್ಕ, ಮನೆಯ ಊಟದ ಲೆಕ್ಕ, ಮದ್ದಿನ ಲೆಕ್ಕ, ಸರ್ಕಾರದ ಜಾನುವಾರು ಲೆಕ್ಕ, ಎಲ್ಲವೂ ದೊಡ್ಡ ಮೈಯನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು.

ಮೊದಲೇ ಹೇಳಬೇಕಾದ ಮಾತೆಂದರೆ, ಸಣ್ಣ ಮೈ ರೋಗವಲ್ಲ. ನಾಯಿಯ ಗಾತ್ರವನ್ನು ನಿಯಂತ್ರಿಸುವ ಐಜಿಎಫ್–1 ಎಂಬ ವಂಶವಾಹಿಯನ್ನು ವಿಜ್ಞಾನಿಗಳು 2007ರಲ್ಲಿ ಗುರುತಿಸಿದರು. ಸಣ್ಣ ಮೈಗೆ ಕಾರಣವಾದ ರೂಪಾಂತರ ಸುಮಾರು 54,000 ವರ್ಷ ಹಿಂದಿನ ತೋಳದಲ್ಲೂ ಇತ್ತು ಎಂದು 2022ರ ಸಂಶೋಧನೆ ತೋರಿಸಿತು. ಚೆನ್ನಾಗಿ ಸಾಕಿದರೆ ಪುಟ್ಟ ನಾಯಿಗಳು ದೊಡ್ಡ ತಳಿಗಳಿಗಿಂತ ಹೆಚ್ಚು ವರ್ಷ ಬಾಳುತ್ತವೆ ಕೂಡ. ಕೇಡು ಶುರುವಾಗುವುದು ಸಣ್ಣದರಲ್ಲೇ ಅತಿ ಸಣ್ಣದನ್ನು ಆರಿಸಿ, ಹತ್ತಿರದ ರಕ್ತಸಂಬಂಧದಲ್ಲೇ ಕೂಡಿಸಿ, 'ಟೀಕಪ್' ಎಂದು ಹೆಸರಿಟ್ಟು ಮಾರಿದಾಗ. ಅಮೆರಿಕದ ಕೆನಲ್ ಕ್ಲಬ್ಬಿನ ಮಾನದಂಡದಲ್ಲಿ ಪಮೇರಿಯನ್ ತೂಕ ಸುಮಾರು 1.4ರಿಂದ 3.2 ಕೆ.ಜಿ.; ಚಿವಾವ 2.7 ಕೆ.ಜಿ. ಮೀರುವಂತಿಲ್ಲ. ಟೀಕಪ್ ಎಂಬ ತಳಿ ಅಲ್ಲಿ ಇಲ್ಲವೇ ಇಲ್ಲ. ಅದು ವ್ಯಾಪಾರಿಗಳು ಕಟ್ಟಿದ ಹೆಸರು. ನೆತ್ತಿಯ ಮೂಳೆ ಕೂಡದಿರುವುದು, ತಲೆಯಲ್ಲಿ ನೀರು ತುಂಬುವುದು, ಮೊಣಕಾಲ ಚಿಪ್ಪು ಜಾರುವುದು ಇಂಥ ಮರಿಗಳಲ್ಲಿ ಹೆಚ್ಚು. 2022ರಲ್ಲಿ ತೆರೆಕಂಡ '777 ಚಾರ್ಲಿ' ನೋಡಿ ಕಣ್ಣೊರೆಸಿಕೊಂಡವರು ಬಹಳ. ಆ ಸಿನಿಮಾದ ನಾಯಿ ಚಾರ್ಲಿಯ ಕಾಯಿಲೆಯ ಬೇರು ಅದನ್ನು ಹುಟ್ಟಿಸಿದವನ ದಂಧೆಯಲ್ಲಿತ್ತು ಎಂಬ ಮಾತು ಚಿತ್ರಮಂದಿರದಿಂದ ಹೊರಗೆ ಅಷ್ಟು ದೂರ ಬರಲಿಲ್ಲ.

ಇನ್ನು ಮನೆಯ ಲೆಕ್ಕ. ಸುಮ್ಮನೆ ಮಲಗಿರುವ ನಾಯಿಗೆ ಎಷ್ಟು ಶಕ್ತಿ ಬೇಕೆಂದು ಅಳೆಯಲು ಪಶುವೈದ್ಯರು ಬಳಸುವ ಸೂತ್ರದ ಪ್ರಕಾರ, 20 ಕೆ.ಜಿ. ನಾಯಿಗೆ ಪ್ರತಿ ಕೆ.ಜಿ. ಮೈತೂಕಕ್ಕೆ ದಿನಕ್ಕೆ ಸುಮಾರು 33 ಕ್ಯಾಲರಿ ಸಾಕು, 2 ಕೆ.ಜಿ. ನಾಯಿಗೆ ಸುಮಾರು 59 ಬೇಕು. ಅಂದರೆ ಪುಟ್ಟ ಮೈ ಬೇಗ ಉರಿಯುತ್ತದೆ, ಕೂಡಿಟ್ಟ ಶಕ್ತಿ ಮಾತ್ರ ಕಡಿಮೆ. ದಿನಕ್ಕೆರಡು ಹೊತ್ತು ಅನ್ನ ಹಾಲು ಕಲಸಿಡುವ ನಮ್ಮ ಪದ್ಧತಿ ಊರನಾಯಿಗೆ ನಡೆಯುತ್ತದೆ. ಎರಡು ತಿಂಗಳ ಪುಟ್ಟ ಮರಿಗೆ ಮೂರು–ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಉಣಿಸದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಮರಿ ತೂರಾಡುತ್ತದೆ, ನಡುಗುತ್ತದೆ, ಮೈ ತಣ್ಣಗಾಗಿ ಮಂಕು ಬಡಿಯುತ್ತದೆ, ಕೊನೆಗೆ ಸೆಳೆತ ಬರುತ್ತದೆ. ದೃಷ್ಟಿ ತಾಗಿತು, ಗಾಳಿ ಸೋಂಕಿತು ಎಂದು ಕೂತರೆ ಕೆಲವೇ ತಾಸುಗಳಲ್ಲಿ ಸಾವು. ಇದಕ್ಕೆ ಮೊದಲ ಮದ್ದು ಈ ಸೀಮೆಯ ಪ್ರತಿ ಅಡುಗೆಮನೆಯಲ್ಲೂ ಇದೆ. ಬೆರಳ ತುದಿಯಲ್ಲಿ ಜೇನುತುಪ್ಪವನ್ನೋ ಜೋನಿಬೆಲ್ಲವನ್ನೋ ತೆಗೆದು ಒಸಡಿಗೆ ಸವರಿ, ಬಟ್ಟೆ ಸುತ್ತಿ ಬೆಚ್ಚಗಿಟ್ಟು, ಕೂಡಲೇ ವೈದ್ಯರಲ್ಲಿಗೆ ಹೊರಡಬೇಕು. ಎಚ್ಚರ ತಪ್ಪಿದ ಮರಿಯ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಸುರಿಯಬಾರದು. ಅದು ನೇರ ಶ್ವಾಸಕೋಶ ಸೇರುತ್ತದೆ.

ಮದ್ದಿನ ಲೆಕ್ಕ ತಪ್ಪಿದರೆ ಅಪಾಯ ಇದಕ್ಕಿಂತ ದೊಡ್ಡದು. "ನಾಯಿಗೆ ಜ್ವರ ಬಂದೈತ್ರಿ, ಒಂದ್ ಗುಳಿಗಿ ಕೊಡ್ರಿ" ಎಂಬ ಮಾತು ಮೆಡಿಕಲ್ ಅಂಗಡಿಗಳಿಗೆ ಹೊಸದಲ್ಲ. ನಾಯಿಯ ಸಹಜ ಮೈಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಕೈಗೆ ಅದು ಯಾವತ್ತೂ ಜ್ವರವೇ. ಇಲ್ಲದ ಜ್ವರಕ್ಕೆ 500 ಮಿಲಿಗ್ರಾಂನ ಒಂದು ಪ್ಯಾರಾಸಿಟಮಾಲ್ ಕೊಟ್ಟರೆ 2 ಕೆ.ಜಿ. ನಾಯಿಗೆ ಕೆ.ಜಿ.ಗೆ 250 ಮಿಲಿಗ್ರಾಂ ಬಿದ್ದಂತಾಯಿತು, ಕೆ.ಜಿ.ಗೆ 100 ಮಿಲಿಗ್ರಾಂ ದಾಟಿದರೇ ನಾಯಿಯ ಯಕೃತ್ತಿಗೆ ಅಪಾಯ. ಐಬುಪ್ರೊಫೇನ್ ಇದಕ್ಕಿಂತ ಕೆಟ್ಟದ್ದು, ಮೂತ್ರಪಿಂಡವನ್ನೇ ಕೆಡಿಸುತ್ತದೆ. ಕೊಟ್ಟಿಗೆಯ ಮದ್ದಿನ ಕಥೆಯೂ ಇದೇ. ದನಕ್ಕೆ ಹಾಕುವ ಶೇ 1ರ ಐವರ್ಮೆಕ್ಟಿನ್ ಚುಚ್ಚುಮದ್ದಿನ ಪ್ರಮಾಣ 50 ಕೆ.ಜಿ. ತೂಕಕ್ಕೆ 1 ಎಂಎಲ್. ಅದೇ ಲೆಕ್ಕದಲ್ಲಿ 2 ಕೆ.ಜಿ.ಗೆ ಬರುವುದು 0.04 ಎಂಎಲ್. ದೊಡ್ಡ ಸಿರಿಂಜಿನಲ್ಲಿ ಅಷ್ಟನ್ನು ಅಳೆಯುವುದೇ ಆಗದ ಮಾತು. ಕಣ್ಣಂದಾಜಿನಲ್ಲಿ 1 ಎಂಎಲ್ ಹೋದರೆ 25 ಪಟ್ಟು. ನಡುಕ, ಕುರುಡು, ಪ್ರಜ್ಞೆ ತಪ್ಪುವುದು ಅದರ ಫಲ. ಉಣುಗು ಸಾಯಲೆಂದು ದನದ ಮೈಗೆ ಬಳಿಯುವ ಅಮಿಟ್ರಾಜ್ ಕೂಡ ಪುಟ್ಟ ನಾಯಿಗಳ ಎದೆಬಡಿತವನ್ನೂ ಮೈಬಿಸಿಯನ್ನೂ ಇಳಿಸಬಲ್ಲದು.

ಹಾಗೆಂದು ಎಲ್ಲವನ್ನೂ ತೂಕಕ್ಕೆ ತಕ್ಕಂತೆ ಕಡಿಮೆ ಮಾಡುವಂತಿಲ್ಲ. ಲಸಿಕೆ ಇದಕ್ಕೆ ಹೊರತು. ಸಣ್ಣ ನಾಯಿಯೆಂದು ಅರ್ಧ ಡೋಸ್ ಹಾಕಿಸಿದರೆ ರಕ್ಷಣೆ ಸಿಗುವ ಭರವಸೆ ಇರುವುದಿಲ್ಲ. ಪಾರ್ವೊ, ಡಿಸ್ಟೆಂಪರ್, ರೇಬಿಸ್ ಮೈತೂಕ ನೋಡಿ ಬರುವುದಿಲ್ಲ. ಆದರೆ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಪರಿಶೀಲಿಸಿ 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಮೈತೂಕ ಇಳಿದಂತೆ, ಒಂದೇ ದಿನ ಹಾಕಿದ ಲಸಿಕೆಗಳ ಸಂಖ್ಯೆ ಏರಿದಂತೆ ಅಡ್ಡಪರಿಣಾಮ ಹೆಚ್ಚುವುದನ್ನು ಕಂಡಿತು. ಆದ್ದರಿಂದ ಪೂರ್ತಿ ಡೋಸ್ ಹಾಕಿಸಬೇಕು. ಬೇರೆಬೇರೆ ಲಸಿಕೆಗಳನ್ನು ಬೇರೆಬೇರೆ ದಿನ ಹಾಕಿಸಬೇಕು. ಹಾಕಿಸಿದ ಮೇಲೆ ಅರ್ಧ ಗಂಟೆ ಆಸ್ಪತ್ರೆಯಲ್ಲೇ ಕೂರಬೇಕು. ಆರು–ಎಂಟು ವಾರಕ್ಕೆ ಶುರುಮಾಡಿ ಹದಿನಾರನೇ ವಾರದವರೆಗೂ ಮರುಲಸಿಕೆ ತಪ್ಪಿಸಬಾರದು.

ಕಾಡಂಚಿನ ಊರಿಗೆ ಉಣುಗಿನ ಕಾಟ ಪ್ರತ್ಯೇಕ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರದ ಜನರನ್ನು ಇಂದಿಗೂ ಬಿಟ್ಟಿಲ್ಲ. ಅದು ಉಣುಗು ಹರಡುವ ವೈರಸ್‌ನಿಂದ ಬರುವ ಕಾಯಿಲೆ. ನಾಯಿಗೆ ಬರುವ ಉಣುಗು ಜ್ವರ ಬೇರೆ. ಎರ್ಲಿಕಿಯ, ಬಬೇಸಿಯ ಎಂಬ ಸೂಕ್ಷ್ಮಜೀವಿಗಳು ಅದಕ್ಕೆ ಕಾರಣ. ಎರಡನ್ನೂ ಬೆರೆಸಿ ಹೆದರಿ, ಜ್ವರ ಬಂದ ನಾಯಿಯನ್ನು ಹೊರಗೆ ಅಟ್ಟುವುದು ತಪ್ಪು. ಪುಟ್ಟ ನಾಯಿಗೆ ಉಣುಗು ಏಕೆ ಮಾರಕ ಎಂಬುದಕ್ಕೂ ಲೆಕ್ಕವಿದೆ. ನಾಯಿಯ ಮೈಯಲ್ಲಿ ಕೆ.ಜಿ.ಗೆ 80–90 ಎಂಎಲ್ ರಕ್ತ, 2 ಕೆ.ಜಿ. ನಾಯಿಯ ಇಡೀ ರಕ್ತ ಒಂದು ಲೋಟ ತುಂಬುವುದಿಲ್ಲ. ಊರನಾಯಿ ತಡೆದುಕೊಳ್ಳುವ ಉಣುಗು, ಕೊಕ್ಕೆಹುಳುಗಳ ಹೊರೆ ಇದನ್ನು ವಾರದಲ್ಲಿ ಬಿಳಿಚಿಸುತ್ತದೆ. ದಿನಕ್ಕೊಮ್ಮೆ ಕಿವಿಯೊಳಗೆ, ಬೆರಳ ಸಂದಿನಲ್ಲಿ, ಕತ್ತಿನ ಕೆಳಗೆ ಹುಡುಕುವುದು, ಒಸಡಿನ ಬಣ್ಣ ನೋಡುವುದು, ವಾರಕ್ಕೊಮ್ಮೆ ತೂಗಿ ಬರೆದಿಡುವುದು ದುಡ್ಡಿಲ್ಲದೆ ಆಗುವ ಚಿಕಿತ್ಸೆ. ಕತ್ತಿನ ಪಟ್ಟಿಯ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿದರೆ ಸೂಕ್ಷ್ಮವಾದ ಶ್ವಾಸನಾಳ ಉಳಿಯುತ್ತದೆ. ಎತ್ತರದಿಂದ ನೆಗೆಯಲು ಬಿಡದಿದ್ದರೆ ಮುಂಗಾಲಿನ ಸಪೂರ ಮೂಳೆ ಉಳಿಯುತ್ತದೆ. ವಯಸ್ಸಾದ ಪುಟ್ಟ ನಾಯಿ ರಾತ್ರಿ ಕೆಮ್ಮತೊಡಗಿದರೆ ಹೃದಯದ ಕವಾಟ ಪರೀಕ್ಷಿಸಬೇಕು. ಕೆಮ್ಮಿನ ಸಿರಪ್ ಅದಕ್ಕೆ ಮದ್ದಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ನ್ಯಾಯವಾದದ್ದೇ. ಹಾಲು ಕೊಡುವ ಎಮ್ಮೆಗೇ ಡಾಕ್ಟರು ಸಿಗದ ಕಡೆ, ಶೋಕಿಗೆ ತಂದ ನಾಯಿಗೆ ಸರ್ಕಾರ ಏಕೆ ತಲೆ ಕೆಡಿಸಿಕೊಳ್ಳಬೇಕು? 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಪಶುವೈದ್ಯರು ಎಷ್ಟು ಅಲೆದರೆಂದು ರೈತರಿಗೆ ಗೊತ್ತು. 1962ಕ್ಕೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾ ವಾಹನಗಳೂ ಲಕ್ಷ ಜಾನುವಾರಿಗೆ ಒಂದು ಎಂಬ ಲೆಕ್ಕದವು. ದನದ ಪಾಲು ಕಿತ್ತು ನಾಯಿಗೆ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಬೇಕಿರುವುದು ಮಗು ತೂಗುವ ಒಂದು ತಕ್ಕಡಿ, 1 ಎಂಎಲ್ ಸಿರಿಂಜು, ಅತಿ ಸಪೂರದ ಕ್ಯಾನುಲ, ಗ್ಲುಕೋಮೀಟರ್, ಬೆಚ್ಚಗಿಡುವ ಒಂದು ಪ್ಯಾಡು. ಯಲ್ಲಾಪುರ, ಶಿರಸಿ, ಸಿದ್ದಾಪುರದ ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನ ಸಾಕುಪ್ರಾಣಿಗಳಿಗೆಂದು ಗೊತ್ತುಮಾಡಿ ಊರಿಗೆಲ್ಲ ತಿಳಿಸಿದರೆ ಸಾಕು. ಕಷ್ಟದ ಪ್ರಕರಣಕ್ಕೆ ಶಿವಮೊಗ್ಗ, ಗದಗದ ಪಶುವೈದ್ಯಕೀಯ ಕಾಲೇಜುಗಳ ತಜ್ಞರು ಫೋನಿನಲ್ಲಿ ಸಿಗುವ ಏರ್ಪಾಡು ಆಗಬೇಕು. ಅದೇ ಮಧ್ಯಾಹ್ನ ರೇಬಿಸ್, ಇಲಿಜ್ವರದ ಲಸಿಕೆ, ಉಣುಗಿನ ತಪಾಸಣೆಯೂ ನಡೆಯುತ್ತದೆ. ಇದರ ಲಾಭ ನಾಯಿಗಿಂತ ಮೊದಲು ಮನೆಯ ಮಕ್ಕಳಿಗೆ.

ಮಾರಾಟದ ಕಡೆಯ ಲೆಕ್ಕ ಕಾನೂನಿನಲ್ಲಿ ಈಗಾಗಲೇ ಇದೆ. 2017ರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಹುಟ್ಟಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. 18 ತಿಂಗಳು ತುಂಬದ ಹೆಣ್ಣುನಾಯಿಗೆ ಮರಿ ಹಾಕಿಸುವಂತಿಲ್ಲ. ಆದರೆ ಮರಿ ಚಿಕ್ಕದಿದ್ದಷ್ಟೂ ಮುದ್ದು, ಮುದ್ದಾದಷ್ಟೂ ಬೆಲೆ. ಹಾಗಾಗಿ ತಾಯಿಹಾಲು ಬಿಡದ ಮರಿಯೂ ರಟ್ಟಿನ ಡಬ್ಬದಲ್ಲಿ ಬಸ್ಸು ಹತ್ತುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಮರಿಯೊಂದಕ್ಕೆ ಸಾವಿರಗಟ್ಟಲೆ ಎಣಿಸುವವರು ಈ ದಂಡಕ್ಕೆ ಹೆದರುವರೆಂದು ನಿರೀಕ್ಷಿಸುವುದು ವ್ಯರ್ಥ. ಕಾಯ್ದೆ ತಿದ್ದುಪಡಿಯಾಗುವ ತನಕ ತಡೆಯುವ ಶಕ್ತಿ ಇರುವುದು ಕೊಳ್ಳುವವರ ಕೈಯಲ್ಲೇ.

ಆದ್ದರಿಂದ ಆರೈಕೆ ಶುರುವಾಗಬೇಕಾದದ್ದು ಮರಿ ಮನೆಗೆ ಬರುವ ಮುಂಚೆ. ನೋಂದಣಿ ಸಂಖ್ಯೆ ಕೊಡದ, ತಾಯಿನಾಯಿಯನ್ನು ತೋರಿಸದ, ಮರಿ ಹುಟ್ಟಿದ ದಿನ ಹೇಳದ ವ್ಯಾಪಾರಿಯಿಂದ ಎಷ್ಟೇ ಅಗ್ಗವಾದರೂ ತರಬಾರದು. ನಡುರಾತ್ರಿ ಸೆಳೆತ ಬಂದರೆ ಹುಬ್ಬಳ್ಳಿಯವರೆಗೆ ಗಾಡಿ ಮಾಡಿಕೊಂಡು ಹೋಗಲು ಮನೆಯವರು ಸಿದ್ಧರಿದ್ದಾರೆಯೇ, ಹನ್ನೆರಡು–ಹದಿನೈದು ವರ್ಷ ದಿನಾ ಅದರ ಒಸಡು, ಕಿವಿ, ಕಾಲು ನೋಡುವವರು ಯಾರು ಎಂಬುದನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು. ಉತ್ತರ ಸಿಗದಿದ್ದರೆ ಊರಲ್ಲೇ ಹುಟ್ಟಿದ ಮರಿಯೊಂದನ್ನು ಸಾಕಬಹುದು. ಈ ಮಳೆ, ಈ ಉಣುಗು, ಈ ಆಸ್ಪತ್ರೆಗಳ ನಡುವೆ ಅದು ಬದುಕುವ ಸಾಧ್ಯತೆ ಹೆಚ್ಚು. ಈಗಾಗಲೇ ಪುಟ್ಟದನ್ನು ತಂದವರಿಗೆ ಅಂಥ ಆಯ್ಕೆಯಿಲ್ಲ. ಅವರು ಗ್ರಾಂ ಲೆಕ್ಕ ಕಲಿಯಬೇಕು, ತಾಲ್ಲೂಕು ಆಸ್ಪತ್ರೆಯೂ ಅವರೊಡನೆ ಕಲಿಯಬೇಕು.