ಬ್ರೇಕಿಲ್ಲದ ಜೀರ್ಣೋದ್ಧಾರ

2023ರ ಅಕ್ಟೋಬರಿನಲ್ಲಿ ಮುಂಬಯಿಯ ಬೀದಿಗಳಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದಾಗ ಅನೇಕ ಪತ್ರಿಕೆಗಳು ಕಣ್ಣೀರು ಸುರಿಸಿದವು. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಅಜ್ಜನ ಕಾಲದ ಅದೇ ಫಿಯಟ್ಟನ್ನು ಕೊಟ್ಟಿಗೆಯಿಂದ ಹೊರಗೆಳೆದು ಜೀರ್ಣೋದ್ಧಾರ ಮಾಡಿಸುವ ತರುಣರಿದ್ದಾರೆ. ಸಂತೋಷವೇ. ಆದರೆ ಆ ಉದ್ಧಾರದ ಬಗೆಯನ್ನು ಕಂಡರೆ ಸಂತೋಷ ಬಹಳ ಹೊತ್ತು ಉಳಿಯದು.

ಇವರಲ್ಲಿ ಎರಡು ಪಕ್ಷಗಳುಂಟು. ಮೊದಲನೆಯದು ಮಡಿವಂತರದು. ತಿರುಪೊಂದೂ ಬದಲಾಗಕೂಡದು, ಕಾರು ವರ್ಷಕ್ಕೊಮ್ಮೆ ಪ್ರದರ್ಶನಕ್ಕೆ ಹೋಗಬೇಕು, ಅದೂ ಲಾರಿಯ ಮೇಲೆ! 2021ರ ವಿಂಟೇಜ್ ನಿಯಮವೂ 50 ವರ್ಷ ಮೀರಿದ, ಮೂಲರೂಪ ಕೆಡದ ವಾಹನಕ್ಕೆ ಬೇರೆ ಫಲಕ ಕೊಟ್ಟು, ಪ್ರದರ್ಶನ, ರ‍್ಯಾಲಿಗಳಂಥ ಕೆಲವೇ ಕಾರಣಗಳಿಗೆ ರಸ್ತೆಗಿಳಿಸುತ್ತದೆ. ಮಹಾರಾಜರ ರಥಗಳಿಗೆ ಇದು ಸರಿ. ಮದುವೆಯ ದಿಬ್ಬಣವನ್ನೂ ಹೆರಿಗೆಗೆ ಹೊರಟವಳನ್ನೂ ಹೊತ್ತು ತಿರುಗಿದ ಫಿಯಟ್ಟನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಯಾವ ಗೌರವ?

ಎರಡನೆಯದು ವೀರರ ಪಕ್ಷ. ಇವರಿಗೆ ವೇಗ ಬೇಕು. ದೊಡ್ಡ ಕಾರ್ಬ್ಯುರೇಟರು, ಕತ್ತರಿಸಿದ ಸೈಲೆನ್ಸರು, ನೆಲಕ್ಕೆ ಕುಗ್ಗಿದ ಮೈ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೊಂದು ಕಾರಿನಲ್ಲಿ ನನ್ನನ್ನು ನಂದಿಬೆಟ್ಟಕ್ಕೆ ಕರೆದೊಯ್ದ. ಹತ್ತುವಾಗ ಬೆಟ್ಟವೇ ಗುಡುಗಿತು. ಇಳಿಯುವಾಗ ನಾಲ್ಕಾರು ತಿರುವು ದಾಟುವಷ್ಟರಲ್ಲಿ ಸುಟ್ಟ ವಾಸನೆ. ಪೆಡಲನ್ನು ಎಷ್ಟು ತುಳಿದರೂ ಕಾರು ನಿಲ್ಲಲೊಲ್ಲದು. ಎದುರಿಗೆ ಸೈಕಲ್ ತುಳಿಯುತ್ತ ಹತ್ತುತ್ತಿದ್ದ ಇಬ್ಬರು ಹುಡುಗರು. ಗೇರು ಇಳಿಸಿ, ಬದಿಯ ಮಣ್ಣಿಗೆ ಗಾಲಿ ಹತ್ತಿಸಿ ಅವನು ಹೇಗೋ ನಿಲ್ಲಿಸಿದ. ಬ್ರೇಕಿಗೆ ಎಷ್ಟು ಖರ್ಚು ಮಾಡಿದೆಯಪ್ಪಾ ಎಂದು ಕೇಳಿದೆ. ಅವನು ತಲೆ ತಗ್ಗಿಸಿದ.

1964ರಲ್ಲಿ ‘ಡಿಲೈಟ್’ ಎಂದೂ 1974ರಿಂದ ‘ಪದ್ಮಿನಿ’ ಎಂದೂ ಹೆಸರಾದ ಈ ಕಾರಿನ ಎಂಜಿನ್ 1089 ಸಿ.ಸಿ.ಯದು, ನಾಲ್ಕು ಗಾಲಿಗೂ ಡ್ರಮ್ ಬ್ರೇಕು. ಇಳಿಜಾರಿನಲ್ಲಿ ಎಡೆಬಿಡದೆ ತುಳಿದರೆ ಡ್ರಮ್ಮು ಕಾಯುತ್ತದೆ, ಲೈನಿಂಗಿನ ಹಿಡಿತ ಸಡಿಲುತ್ತದೆ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವಂಥದು. ವರ್ಷಗಟ್ಟಲೆ ಬದಲಿಸದಿದ್ದರೆ ಆ ಕಾವಿಗೆ ಕುದಿಯಲೂಬಹುದು. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ. ಮೈಯೇ ಅದರ ಅಸ್ಥಿಪಂಜರ. ಬಾಗಿಲಡಿಯ ತಗಡು ತುಕ್ಕು ತಿಂದಿರುವಲ್ಲಿ ಪುಟ್ಟಿ ಮೆತ್ತಿ ಬಣ್ಣ ಬಳಿಸುವವನು ಮುರಿದ ಮೂಳೆಗೆ ಗಂಧ ಲೇಪಿಸುವ ವೈದ್ಯ.

ಆದ್ದರಿಂದ ನನ್ನ ವಾದ ಇಷ್ಟೆ: ಚುರುಕಾಗಿ ಓಡಿಸುವ ಆಸೆ ತಪ್ಪಲ್ಲ, ಕ್ರಮ ತಪ್ಪು. ಮೊದಲು ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯಿರಿ. ಆಮೇಲೆ ಡ್ರಮ್ಮು, ಲೈನಿಂಗು, ರಬ್ಬರು, ಎಣ್ಣೆ. ಆಮೇಲೆ ಸ್ಟೀರಿಂಗಿನ ಸವೆದ ಕೀಲುಗಳು, ಶಾಕ್ ಅಬ್ಸಾರ್ಬರು, ಒಳ್ಳೆಯ ರೇಡಿಯಲ್ ಟೈರು. ಎಂಜಿನ್ನಿನ ಸರದಿ ಕಟ್ಟಕಡೆಗೆ.

ರೇಡಿಯಲ್ ಟೈರು ಅಪಚಾರವಲ್ಲವೆ ಎಂದು ಮಡಿವಂತರು ಕೇಳಿಯಾರು. ಓಲೆಗರಿಯ ಸಂಪಾದಕ ಪಾಠವನ್ನು ತಿದ್ದಿದಾಗ ಹಳೆಯ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಬಿಚ್ಚಿದ ಭಾಗಗಳನ್ನು ಡಬ್ಬಿಯಲ್ಲಿ ಕಾದಿಡಿ. ಬೇಕೆಂದಾಗ ಮರಳಿ ಜೋಡಿಸಬಹುದಾದ ಬದಲಾವಣೆ ದ್ರೋಹವಲ್ಲ. ಬೇರೆ ಜಾತಿಯ ಎಂಜಿನ್ ಕೂರಿಸಲು ಮೈಯನ್ನೇ ಕೊಯ್ಯುವುದು ಮಾತ್ರ ಪ್ರಕ್ಷಿಪ್ತ. ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟುದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮೂ ಹೇಳುತ್ತದೆ. ಪಂದ್ಯದ ಹುಚ್ಚೇ ಇದ್ದರೆ ಅದಕ್ಕೆ ಪಂದ್ಯದ ಅಂಗಳವುಂಟು. ಹಿಂದೆ ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ವಿಮಾನದಾರಿಯ ಮೇಲೆ, ಇವೇ ಫಿಯಟ್ಟುಗಳು ಸೆಣಸಿದವು. ಅಲ್ಲಿ ಎದುರಿನಿಂದ ಸೈಕಲ್ ಬರುತ್ತಿರಲಿಲ್ಲ.

ನನ್ನ ಶಿಷ್ಯನ ಕಾರು ಈಗ ಮತ್ತೆ ಗ್ಯಾರೇಜಿನಲ್ಲಿದೆ. ಹಳೆಯ ಸೈಲೆನ್ಸರು ಮರಳಿದೆಯಂತೆ. ಬ್ರೇಕಿನ ಕೆಲಸ ಮುಗಿಯಲಿ, ನಂದಿಗೆ ಇನ್ನೊಮ್ಮೆ ಅವನೊಡನೆ ಹೋಗಲು ನನ್ನ ಅಭ್ಯಂತರವಿಲ್ಲ.